ಡಿಲೀಟ್ ಮಾಡಿದ್ರೂ ವಾಪಸ್ ಬರೋ ವೈರಸ್

ವೀಕ್ಷಕರೇ, ಹೈದರಾಲಿ ಹುಟ್ಟಿದೂರು ಬೂದಿಕೋಟೆಯಿಂದ ಒಬ್ಬರು ಫೋನ್ ಮಾಡಿದ್ರು. 'ಮನೆ ಕಂಪ್ಯೂಟರಲ್ಲಿ ವೈರಸ್ ಡಿಲೀಟ್ ಮಾಡ್ತೀನಿ ಸಾರ್, ಮಾರನೇ ದಿನ ಮತ್ತೆ ಹಾಜರ್. ಮೂರು ಸಲ ಆಯ್ತು.' ಮಗಳ ಕಾಲೇಜು ಫೀಸು ಕಟ್ಟೋದೂ ಅದೇ ಕಂಪ್ಯೂಟರಲ್ಲಿ.

ಯಾಕೆ ಹೀಗೆ? ನೀವು ಅಳಿಸಿದ್ದು ಫೈಲನ್ನು ಮಾತ್ರ. ಅದನ್ನು ಮತ್ತೆ ತಂದಿಡು ಅನ್ನೋ ಆದೇಶ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೋ, ರಿಜಿಸ್ಟ್ರಿಯಲ್ಲೋ ಹಾಗೇ ಕೂತಿರುತ್ತೆ. ಪೆನ್‌ಡ್ರೈವ್‌ನಿಂದಲೂ ವಾಪಸ್ ಬರಬಹುದು. ವಿಂಡೋಸ್ ಎದ್ದಿರುವಾಗ ವೈರಸ್ಸೂ ಎದ್ದಿರುತ್ತೆ. ಅದಕ್ಕೇ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಟೂಲ್ ಸಿಗುತ್ತೆ.

ಅದಕ್ಕೂ ಬಗ್ಗದಿದ್ರೆ ಫೋಟೋ, ದಾಖಲೆ ಮಾತ್ರ ತೆಗೆದಿಟ್ಟು, ಫಾರ್ಮ್ಯಾಟ್ ಮಾಡಿಸಿ. ಕ್ರ್ಯಾಕ್ ವಿಂಡೋಸ್ ಮಾತ್ರ ಬೇಡ! ಇಂಜಿನಿಯರಿಂಗ್ ಹಾಸ್ಟೆಲಲ್ಲಿ ನಾವೂ ಅದನ್ನೇ ಹಾಕ್ಕೊಂಡಿದ್ವಿ, ಒಪ್ಕೋತೀನಿ. ಎಷ್ಟೋ ವೈರಸ್ ಬರೋದೇ ಆ ಬಾಗಿಲಿಂದ.

ಕೊನೆಗೆ ಅವರನ್ನ ಕೇಳಿದೆ: ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿದ್ರಾ? 'ಬದಲಾಯಿಸಿದೆ ಸಾರ್, ಅದೇ ಕಂಪ್ಯೂಟರಲ್ಲಿ.' ಅಯ್ಯೋ! ಒಳಗೆ ಕಳ್ಳ ಕೂತಿರುವಾಗ ಹೊಸ ಬೀಗದ ಕೈಯನ್ನೂ ಅವನೆದುರೇ ಇಟ್ಟಂಗಾಯ್ತಲ್ಲ! ಈಗಲೇ ನಿಮ್ಮ ಫೋನಿಂದ ಬದಲಾಯಿಸಿ, ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ ಅಂದೆ.