ಶೀತಭೂಮಿಯ ಸೂಕ್ಷ್ಮಜೀವಿಗಳೂ ಸಾರಜನಕದ ಚಕ್ರವೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಹೊಲಕ್ಕೆ ಗೊಬ್ಬರ ಹಾಕಿದರೆ ಪೈರು ಹುಲುಸಾಗುವದೆಂಬುದನ್ನು ಅರಿಯದ ರೈತನಿಲ್ಲ. ಪರಂತು ತಿಪ್ಪೆಯ ಗೊಬ್ಬರವು ಪೈರಿನ ಬಾಯಿಗೆ ತುತ್ತಾಗುವ ಮೊದಲು ಎಷ್ಟು ಕೈಗಳನ್ನು ಹಾದು ಬರುವದೆಂಬ ಸಂಗತಿಯು ಎಲ್ಲರಿಗೂ ತಿಳಿದುದಲ್ಲ. ಆ ಕೈಗಳು ಕಣ್ಣಿಗೆ ಕಾಣದ ಜೀವಿಗಳವು. ಇವುಗಳಿಗೆ ಬ್ಯಾಕ್ಟೀರಿಯಗಳೆಂದು ಹೆಸರು. ಇವುಗಳಲ್ಲಿ ಹಿಮದ ನೆಲದಲ್ಲಿ ವಾಸಿಸತಕ್ಕವನ್ನು ವಿದ್ವಾಂಸರು ಹೇಗೆ ಸಾಕಿ ಬೆಳೆಸಿದರು, ಅದರಿಂದ ಏನನ್ನು ಅರಿತರು ಎಂಬುದೇ ಈ ಹೊತ್ತಿನ ವಿಷಯವಾಗಿರುವದು.

ಮೊದಲು ಚಕ್ರದ ಸ್ವರೂಪವನ್ನು ನೋಡತಕ್ಕದ್ದು. ವಾಯುವಿನ ನೂರು ಪಾಲಿನಲ್ಲಿ ಸುಮಾರು ೭೮ ಪಾಲು ಸಾರಜನಕವು. ಪೈರು ಈ ವಾಯುಸಮುದ್ರದಲ್ಲಿ ಮುಳುಗಿ ನಿಂತಿದ್ದರೂ ಅದನ್ನು ನೇರವಾಗಿ ಸ್ವೀಕರಿಸಲಾರದು. ಸಮುದ್ರದ ನಡುವೆ ಇದ್ದವನಿಗೆ ಕುಡಿಯುವ ನೀರಿಲ್ಲದಂತೆ ಅದರ ಸ್ಥಿತಿ. ಸಾರಜನಕವು ಲವಣರೂಪವನ್ನು ತಾಳಿ ನೆಲದ ತೇವದಲ್ಲಿ ಕರಗಿದ ಬಳಿಕವೇ ಬೇರು ಅದನ್ನು ಹೀರುವದು. ಸಗಣಿ, ಮೂತ್ರ, ಉದುರಿದ ಎಲೆ ಮೊದಲಾದವು ಕೊಳೆತಾಗ ಅಮೋನಿಯವು ಹುಟ್ಟುವದು. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಇದರದೇ. ಒಂದು ಪಂಗಡದ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ಪ್ರಾಣವಾಯುವಿನೊಡನೆ ಕೂಡಿಸಿ ನೈಟ್ರೈಟನ್ನಾಗಿ ಮಾಡುವವು. ಇನ್ನೊಂದು ಪಂಗಡವು ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುವದು. ಪೈರು ಬಳಸಿ ಉಳಿದ ನೈಟ್ರೇಟನ್ನು ಗಾಳಿಯಾಡದ ಕೆಸರಿನಲ್ಲಿರುವ ಮತ್ತೆ ಕೆಲವು ಜೀವಿಗಳು ಒಡೆದು, ಸಾರಜನಕವನ್ನು ಪುನಃ ವಾಯುವಿಗೆ ಒಪ್ಪಿಸುವವು. ನಡುವಿನ ನೈಟ್ರೈಟು ಮೀನುಗಳಿಗೆ ವಿಷವು. ಆದುದರಿಂದ ಎರಡನೆಯ ಪಂಗಡದ ಕೆಲಸವು ಒಂದು ದಿನವೂ ನಿಲ್ಲತಕ್ಕದ್ದಲ್ಲ. ಈ ಎರಡೂ ಕೆಲಸಗಳನ್ನು ಒಂದೇ ಜೀವಿಯು ಮಾಡುವ ಅಪವಾದವೂ ಉಂಟೆಂದು ೨೦೧೫ರಲ್ಲಿ ತಿಳಿದುಬಂದಿತು. ಆದರೂ ಬಹುಮಟ್ಟಿಗೆ ಈ ವಿಭಾಗವು ನಿಜವಾದುದು.

ಈ ಕ್ರಿಯೆಯು ಕೇವಲ ರಾಸಾಯನಿಕವಲ್ಲ, ಸಜೀವವಾದುದೆಂದು ತೋರಿಸಿದವರು ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬವರು. ೧೮೭೭ರಲ್ಲಿ ಅವರು ಮರಳನ್ನೂ ಸುಣ್ಣದ ಕಲ್ಲಿನ ಪುಡಿಯನ್ನೂ ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ಮೆಲ್ಲನೆ ಇಳಿಸಿದರು. ಮೊದಲು ಕೆಲವು ದಿನ ಏನೂ ಮಾರ್ಪಾಡಾಗಲಿಲ್ಲ; ತರುವಾಯ ಅಮೋನಿಯವೆಲ್ಲ ನೈಟ್ರೇಟಾಗಿ ಹೊರಬರತೊಡಗಿತು. ಕ್ಲೋರೋಫಾರ್ಮಿನ ಆವಿಯನ್ನು ಒಳಗೆ ಬಿಟ್ಟೊಡನೆ ಆ ಕಾರ್ಯವು ನಿಂತಿತು. ಮೂರ್ಛೆಗೊಳಿಸುವ ಔಷಧದಿಂದ ನಿಲ್ಲತಕ್ಕದ್ದು ಜೀವಿಯ ಕೆಲಸವಲ್ಲದೆ ಮತ್ತೇನು?

ಆದರೆ ಆ ಜೀವಿಯನ್ನು ಬೇರ್ಪಡಿಸುವದು ಯಾರಿಗೂ ಸಾಧ್ಯವಾಗಲಿಲ್ಲ. ಆಗಿನ ಪದ್ಧತಿಯಂತೆ ಪುಷ್ಟಿಕರವಾದ ಸಾರುಗಳಲ್ಲಿ ಬಿತ್ತಿದರೆ ಬೇರೆ ಜೀವಿಗಳು ಮುಗಿಬಿದ್ದು ಬೆಳೆದು ಇದನ್ನು ಮರೆಮಾಡುತ್ತಿದ್ದವು. ೧೮೯೦ರಲ್ಲಿ ಝೂರಿಕ್ ನಗರದಲ್ಲಿದ್ದ ರಷ್ಯದ ವಿದ್ವಾಂಸನಾದ ಸೆರ್ಗೈ ವಿನೋಗ್ರಾಡ್ಸ್ಕಿಯು ಅದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದನು. ಆತನು ಪುಷ್ಟಿಯ ಆಹಾರವನ್ನೆಲ್ಲ ತೆಗೆದುಹಾಕಿ, ಅಮೋನಿಯದ ಲವಣವನ್ನೂ ಕೆಲವು ಖನಿಜಗಳನ್ನೂ ಮಾತ್ರ ಕೊಟ್ಟನು. ಪರಾನ್ನವನ್ನು ನೆಚ್ಚಿದವೆಲ್ಲ ಹಸಿದು ಹಿಂದೆ ಸರಿದವು. ಅಮೋನಿಯವನ್ನು ಸುಟ್ಟು ಶಕ್ತಿಯನ್ನು ಪಡೆದು, ಇಂಗಾಲಾಮ್ಲ ವಾಯುವಿನಿಂದಲೇ ಶರೀರವನ್ನು ಕಟ್ಟಿಕೊಳ್ಳುವ ಜೀವಿಯು ಮಾತ್ರ ಉಳಿಯಿತು. ಜೀವಿಯನ್ನು ಅರಿಯಬೇಕಾದರೆ ಅದಕ್ಕೆ ಒಪ್ಪುವ ನೆಲೆಯನ್ನು ಒದಗಿಸಬೇಕೆಂಬ ಸೂತ್ರವು ಹೀಗೆ ಸ್ಥಾಪಿತವಾಯಿತು.

ಈ ಸೂತ್ರವು ಆಹಾರದ ವಿಷಯದಲ್ಲಿ ಪಾಲಿಸಲ್ಪಟ್ಟಿತಾದರೂ ಉಷ್ಣತೆಯ ವಿಷಯದಲ್ಲಿ ಬಹುಕಾಲ ಹಿಂದೆ ಬಿದ್ದಿತು. ಪ್ರಯೋಗಶಾಲೆಗಳಲ್ಲಿ ಈ ಜೀವಿಗಳನ್ನು ಸಾಮಾನ್ಯವಾಗಿ ೨೫ರಿಂದ ೩೦ ಅಂಶ ಸೆಂಟಿಗ್ರೇಡ್ ಬೆಚ್ಚನೆಯಲ್ಲಿಯೇ ಬೆಳೆಸುತ್ತಿದ್ದರು. ಬೆಚ್ಚನೆಯ ಬುಟ್ಟಿಯಲ್ಲಿ ಬೆಚ್ಚನೆಯನ್ನು ಬಯಸುವವೇ ಸಿಕ್ಕುವದು ಸಹಜವು.

ಇಲ್ಲಿ ಒಂದು ಶಂಕೆಯು: ನೀರು ಗಡ್ಡೆಕಟ್ಟುವ ಚಳಿಯಲ್ಲಿ ಜೀವವ್ಯಾಪಾರವು ನಡೆಯುವದಾದರೂ ಹೇಗೆ? ಸಮಾಧಾನವು ಅಡಿಗೆಮನೆಯಲ್ಲಿಯೇ ಇರುವದು. ಚಳಿಗಾಲದ ಮುಂಜಾವಿನಲ್ಲಿ ತುಪ್ಪವು ಹೆಪ್ಪುಗಟ್ಟುವದು. ಕುಸುಬಿಯ ಎಣ್ಣೆಯು ಹರಿಯುತ್ತಲೇ ಇರುವದು. ಜೀವಕೋಶದ ಹೊರಪೊರೆಯು ಸ್ನೇಹದ್ರವ್ಯದಿಂದ ಆದುದು. ಶೀತವಾಸಿಯಾದ ಜೀವಿಯ ಪೊರೆಯಲ್ಲಿ ಎಣ್ಣೆಯ ಜಾತಿಯ ಸ್ನೇಹವು ಹೆಚ್ಚಾಗಿರುವದರಿಂದ ಚಳಿಯಲ್ಲಿಯೂ ಅದು ಬಿರುಸಾಗದು. ಒಳಗಿನ ಕ್ರಿಯೆಗಳನ್ನು ನಡೆಸುವ ಕಿಣ್ವಗಳೂ ಹೆಚ್ಚು ಬಾಗುವ ಗುಣವುಳ್ಳವು. ಆ ಬಾಗುವಿಕೆಯ ಬೆಲೆಯಾಗಿ ಅವು ಬಿಸಿಯನ್ನು ತಾಳಲಾರವು. ೧೯೭೫ರಲ್ಲಿ ಮೊರಿಟ ಎಂಬ ವಿದ್ವಾಂಸನು ಈ ವರ್ಗಕ್ಕೆ ಲಕ್ಷಣವನ್ನು ಹೇಳಿದನು. ಸೊನ್ನೆ ಅಂಶದಲ್ಲಿಯೂ ಬೆಳೆದು, ೧೫ ಅಂಶದೊಳಗೆ ಚೆನ್ನಾಗಿ ಹಬ್ಬಿ, ೨೦ ಅಂಶವನ್ನು ಮೀರಿದರೆ ಬೆಳೆಯಲಾರದ್ದು ಶೀತಪ್ರಿಯವು. ಚಳಿಯಲ್ಲಿ ಬೆಳೆದರೂ ಬೆಚ್ಚನೆಯನ್ನೇ ಮೆಚ್ಚುವದು ಶೀತಸಹಿಷ್ಣುವು. ೧೯೮೮ರಲ್ಲಿ ವರ್ಣಿಸಲ್ಪಟ್ಟ, ಅಲಾಸ್ಕದ ಸಮುದ್ರಜಲದಿಂದ ದೊರೆತ ನೈಟ್ರೊಸೊಮೊನಾಸ್ ಕ್ರಯೋಟಾಲರನ್ಸ್ ಎಂಬುದು ಸೊನ್ನೆಗಿಂತಲೂ ಕೆಳಗಿನ ಚಳಿಯಲ್ಲಿ ಅಮೋನಿಯವನ್ನು ನೈಟ್ರೈಟಾಗಿಸಬಲ್ಲುದು. ಅದರ ಹೆಸರಿಗೂ ಶೀತಸಹಿಷ್ಣುವೆಂದೇ ಅರ್ಥ.

ಹಾಗಾದರೆ ಶೀತದೇಶದಲ್ಲಿ ನೈಟ್ರೈಟನ್ನು ನೈಟ್ರೇಟಾಗಿಸುವವರು ಯಾರು? ಇದರ ಉತ್ತರವು ಸೈಬೀರಿಯದಿಂದ ಬಂದಿತು. ಅಲ್ಲಿಯ ಲೇನಾ ನದಿಯು ಆರ್ಕ್ಟಿಕ್ ಸಾಗರವನ್ನು ಸೇರುವ ಮುಖಜಭೂಮಿಯಲ್ಲಿ ಸಮಾಯ್ಲೋವ್ ಎಂಬ ನಡುಗಡ್ಡೆಯುಂಟು. ಅಲ್ಲಿ ನೆಲವು ಆಳದವರೆಗೆ ನಿತ್ಯವೂ ಹಿಮದಿಂದ ಬಿಗಿದಿರುವದು. ಬೇಸಿಗೆಯಲ್ಲಿ ಮೇಲಿನ ಸುಮಾರು ಅರ್ಧ ಮೀಟರು ಮಾತ್ರ ಕರಗುವದು. ಅಂಥ ನೆಲದ ಮಣ್ಣನ್ನು ತಂದು ಹ್ಯಾಂಬರ್ಗಿನ ವಿದ್ವಾಂಸರು ಅಲ್ಪ ನೈಟ್ರೈಟು ಬೆರೆಸಿದ ಖನಿಜಜಲದಲ್ಲಿ ಇಟ್ಟರು. ಆ ಪಾತ್ರೆಗಳನ್ನು ಅವರು ೪, ೧೦, ೧೭ ಅಂಶಗಳ ತಂಪಿನಲ್ಲಿಯೂ ಕಾಯ್ದರು. ನೈಟ್ರೈಟು ಇದ್ದರೆ ಕೆಂಪೇರುವ ಪರೀಕ್ಷಾದ್ರವವುಂಟು. ಕೆಂಪು ಮೂಡದಾದಾಗ ನೈಟ್ರೈಟು ತೀರಿತೆಂದು ತಿಳಿದು ಮತ್ತಷ್ಟು ಕೊಡುವದು, ಬೆಳೆದುದರಲ್ಲಿ ತುಸುವನ್ನು ಹೊಸ ಪಾತ್ರೆಗೆ ದಾಟಿಸುವದು, ಮತ್ತೆ ಕಾಯುವದು: ಇಂಥ ಸಾಕಣೆಯ ಕ್ರಮವು ಇದು. ಈ ಜೀವಿಗಳಿಗೆ ದೊರೆಯುವ ಶಕ್ತಿಯೇ ಅತ್ಯಲ್ಪವಾದುದರಿಂದ ಇಲ್ಲಿ ಅವಸರಕ್ಕೆ ಎಡೆಯಿಲ್ಲ.

ಹೀಗೆ ಬೆಳೆದ ಜೀವಿಗಳ ಸ್ನೇಹದ್ರವ್ಯವನ್ನು ಪರೀಕ್ಷಿಸಲು, ಅದು ಅದುವರೆಗೆ ತಿಳಿದಿದ್ದ ಯಾವ ನೈಟ್ರೈಟುಭಕ್ಷಕಕ್ಕೂ ಹೊಂದಲಿಲ್ಲ. ವಂಶಸೂತ್ರವನ್ನು ಓದಲು, ಕಬ್ಬಿಣದಿಂದ ಬದುಕುವ ಗ್ಯಾಲಿಯೊನೆಲ್ಲ ಎಂಬ ಬ್ಯಾಕ್ಟೀರಿಯವು ಅದರ ಹತ್ತಿರದ ಬಂಧುವೆಂದು ಕಂಡಿತು. ೨೦೦೭ರಲ್ಲಿ ಅದಕ್ಕೆ ನೈಟ್ರೊಟೋಗ ಆರ್ಕ್ಟಿಕ ಎಂಬ ಹೆಸರನ್ನು ಸೂಚಿಸಿದರು. ಟೋಗವೆಂದರೆ ರೋಮನರು ಹೊದೆಯುತ್ತಿದ್ದ ಸಡಿಲವಾದ ನಿಲುವಂಗಿ; ಈ ಜೀವಿಯ ಹೊರಪೊರೆಗೂ ಒಳಪೊರೆಗೂ ನಡುವೆ ಅಗಲವಾದ ಎಡೆಯಿರುವದು.

ಇದಕ್ಕಿಂತ ವಿಸ್ಮಯಕರವಾದುದು ಮುಂದಿನದು. ೨೦೦೯ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಊರಿನ ಕೊಳಚೆನೀರನ್ನು ಶುದ್ಧಿಮಾಡುವ ಕೊಳದ ಕೆಸರನ್ನು ೧೦, ೧೭, ೨೮ ಅಂಶಗಳಲ್ಲಿ ಬೇರೆ ಬೇರೆ ಇಟ್ಟು ನೋಡಿದರು. ತಂಪಿನ ಪಾತ್ರೆಯಲ್ಲಿ ನೈಟ್ರೊಟೋಗವು ಮುಂದಾಯಿತು. ಬೆಚ್ಚನೆಯಲ್ಲಿ ನೈಟ್ರೊಸ್ಪೈರವೆಂಬ ಬೇರೊಂದು ಜೀವಿಯು ಮುಂದಾಯಿತು. ಯಾವುದನ್ನು ಧ್ರುವಪ್ರದೇಶದಿಂದ ತಂದು ಅರಿತರೋ ಅದರ ಬಂಧುವು ಊರ ಚರಂಡಿಯಲ್ಲಿಯೇ ಇದ್ದಿತು! ಆದರೆ ಕುಲದವೆಲ್ಲ ಶೀತಪ್ರಿಯವೆಂದು ತಿಳಿಯತಕ್ಕದ್ದಲ್ಲ. ೨೦೧೮ರಲ್ಲಿ ಶುದ್ಧವಾಗಿ ಬೇರ್ಪಡಿಸಲ್ಪಟ್ಟ ನೈಟ್ರೊಟೋಗ ಫಾಬ್ಯುಲ ಎಂಬುದು ೨೪ರಿಂದ ೨೮ ಅಂಶದಲ್ಲಿ ಚೆನ್ನಾಗಿ ಬೆಳೆಯುವದು. ಕುಲದಿಂದಲೇ ಗುಣವನ್ನು ನಿಶ್ಚಯಿಸಲಾಗದು. ಒಂದೊಂದನ್ನೂ ಸಾಕಿ ನೋಡಿಯೇ ಹೇಳಬೇಕು.

ಇಷ್ಟು ಶ್ರಮದಿಂದ ಲೋಕಕ್ಕೇನು ಪ್ರಯೋಜನ? ಶೀತದೇಶಗಳಲ್ಲಿ ಚಳಿಗಾಲ ಬಂತೆಂದರೆ ಕೊಳಚೆನೀರನ್ನು ಶುದ್ಧಿಮಾಡುವ ಕೊಳಗಳಲ್ಲಿ ಈ ಕ್ರಿಯೆಯು ಮಂದವಾಗುವದು. ಉಳಿದ ಅಮೋನಿಯವೂ ನೈಟ್ರೈಟೂ ನದಿಯ ಮೀನುಗಳನ್ನು ಕೊಲ್ಲಬಲ್ಲವು. ಚಳಿಯಲ್ಲಿ ದುಡಿಯುವವರು ಯಾರೆಂದು ಅರಿತವನೇ ಅವರಿಗೆ ಅನುಕೂಲವನ್ನು ಒದಗಿಸಬಲ್ಲನು. ಇನ್ನೊಂದು ಪ್ರಯೋಜನವು ಇದಕ್ಕಿಂತ ಗುರುತರವಾದುದು. ಭೂಮಂಡಲದ ಉಷ್ಣತೆಯು ಏರುತ್ತಿರುವದರಿಂದ ಉತ್ತರದ ಹಿಮಬದ್ಧ ನೆಲವು ಕರಗುತ್ತಿರುವದು; ಬಹುಕಾಲದಿಂದ ಅದರಲ್ಲಿ ಹುದುಗಿದ್ದ ಸಾರಜನಕವು ಈ ಜೀವಿಗಳ ಕೈಗೆ ಬೀಳುತ್ತಿರುವದು. ಅವುಗಳ ವ್ಯಾಪಾರದಲ್ಲಿ ನೈಟ್ರಸ್ ಆಕ್ಸೈಡ್ ಎಂಬ ವಾಯುವೂ ಹುಟ್ಟುವದುಂಟು. ನೂರು ವರ್ಷದ ಲೆಕ್ಕದಲ್ಲಿ ಅದು ಸಮತೂಕದ ಇಂಗಾಲಾಮ್ಲ ವಾಯುವಿಗಿಂತ ಸುಮಾರು ೨೭೦ ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುವದು. ಉಪೋತ್ತರ ರಷ್ಯದ ಹಿಮಬಯಲಿನಲ್ಲಿ ಗಿಡವಿಲ್ಲದ ಬರಿಯ ಕರಿನೆಲದಿಂದ ಈ ವಾಯುವು ಬಹಳವಾಗಿ ಹೊರಡುವದೆಂದು ೨೦೦೯ರಲ್ಲಿ ಅಳೆದು ತೋರಿಸಿದರು. ಕರಗಿದ ನೆಲದ ಸಾರಜನಕವು ಗಿಡಕ್ಕೆ ಆಹಾರವಾಗುವದೋ, ಗಾಳಿಗೆ ಹಾರಿ ತಾಪವನ್ನು ಹೆಚ್ಚಿಸುವದೋ ಎಂಬುದರಲ್ಲಿ ಈ ಅಣುಮಾತ್ರದ ಜೀವಿಗಳಿಗೆ ದೊಡ್ಡ ಪಾಲುಂಟು.

ಆದುದರಿಂದ ಸಿದ್ಧಾಂತವಿಷ್ಟು: ಕಾಣದ್ದು ಇಲ್ಲವೆಂದು ಹೇಳತಕ್ಕದ್ದಲ್ಲ, ಅದಕ್ಕೆ ತಕ್ಕ ನೆಲೆಯನ್ನು ಕೊಟ್ಟು ನೋಡಿದೆವೇ ಎಂದು ಮೊದಲು ಕೇಳಿಕೊಳ್ಳತಕ್ಕದ್ದು. ವಿನೋಗ್ರಾಡ್ಸ್ಕಿಯು ಪುಷ್ಟಿಯನ್ನು ತೆಗೆದು ಕಂಡನು. ಸೈಬೀರಿಯದ ಮಣ್ಣನ್ನು ಸಾಕಿದವರು ಬಿಸಿಯನ್ನು ತೆಗೆದು ಕಂಡರು. ಅರಿಯಬಯಸುವವನು ತನಗೆ ಹಿತವಾದ ನೆಲೆಯನ್ನು ಬಿಟ್ಟು, ಅರಿಯಬೇಕಾದುದರ ನೆಲೆಗೆ ತಾನೇ ಹೋಗಬೇಕು. ವಿದ್ಯಾರ್ಥಿಗಳಾದವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೆಂಬ ಹಾರೈಕೆಯೊಡನೆ ಈ ಉಪನ್ಯಾಸವು ಮುಗಿಯುವದು.