ಮಾರಿದ ಮೇಲೂ ನನ್ನ ಹೆಸರಲ್ಲೇ ಓಡ್ತಿರೋ ಕಾರು

ಇವತ್ತಿನ ವಿಷಯ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಯಳಂದೂರಿನ ಒಬ್ಬ ಕೇಳುಗ ತಮ್ಮ ಹೋದ ವಾರ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದ. ಕೆಂಪು ಕಾರು, ಕಪ್ಪು ಅಲಾಯ್ ವೀಲು, ದೆಹಲಿ ನಂಬರ್ ಪ್ಲೇಟು. ಕೆಳಗೆ ಒಂದೇ ಸಾಲು: "ಅಣ್ಣ, 3.25 ಲಕ್ಷಕ್ಕೆ ಸಿಗ್ತಾ ಅದ, ತಕ್ಕಳ್ಳಾ?"

ಅವನಿಗೆ ಆವತ್ತೇ ಉತ್ತರ ಕೊಡೋಣ ಅಂತ ಕೂತಿದ್ದೆ. ಅಷ್ಟರಲ್ಲಿ ನನ್ನ ಫೋನಿಗೇ ಒಂದು ಮೆಸೇಜ್ ಬಂತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅತಿವೇಗ, ದಂಡ ಕಟ್ಟಿ ಅಂತ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ., ಗಾಡಿ ಹೋಗಿದ್ದು 127ರಲ್ಲಿ. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕ್ತೀವಿ ಅಂತ ಪೊಲೀಸರು ಹೇಳಿರೋದು ನಿಮಗೆ ಗೊತ್ತಿರಬಹುದು. ಇನ್ನೊಂಚೂರು ಒತ್ತಿದ್ರೆ ಕೇಸೇ ಆಗ್ತಿತ್ತು.

ಆ ಹೊತ್ತಲ್ಲಿ ನಾನು ಕೊಳ್ಳೇಗಾಲದ ಮನೆಯಲ್ಲಿ ಮುದ್ದೆ ಉಣ್ತಾ ಇದ್ದೆ. ಆ ಕಾರು ಮಾರಿ ಎಂಟು ತಿಂಗಳಾಗಿದೆ.

ಹಾಗಾಗಿ ಇವತ್ತು ಆ ತಮ್ಮನಿಗೆ ಉತ್ತರ ಕೊಡೋ ನೆಪದಲ್ಲಿ ನನ್ನ ಕಥೆಯನ್ನೂ ಹೇಳ್ತೀನಿ.

ಮೊದಲು, ನಮ್ಮ ಕಡೆ ಸ್ಪೋರ್ಟ್ಸ್ ಕಾರು ಅಂದ್ರೆ ಏನು? ಫೆರಾರಿ, ಪೋರ್ಷೆ ಅಲ್ಲ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, 105 ಪಿಎಸ್. 2015ರ ಅಬಾರ್ತ್ ಪುಂಟೊ, 145 ಹಾರ್ಸ್‌ಪವರ್. ಇನ್ನೂ ಹಿಂದಕ್ಕೆ ಹೋದ್ರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನೋಡೋಕೆ ಸಾಧಾರಣ ಕಾರು, ತುಳಿದ್ರೆ ಬೇರೆಯದೇ ಪ್ರಾಣಿ. ಇವುಗಳಲ್ಲಿ ಫಿಯೆಟ್ ಕಾರು ಮಾರೋದು 2019ರ ಹೊತ್ತಿಗೆ ನಿಂತೋಯ್ತು, ಪೋಲೊ ತಯಾರಿಕೆ 2022ರಲ್ಲಿ ನಿಲ್ತು. ಹೊಸದು ಸಿಗಲ್ಲ, ಅದಕ್ಕೇ ಹಳೇದರ ಮೇಲೆ ಹುಡುಗರಿಗೆ ಇಷ್ಟು ಆಸೆ.

ನಾನು ತಗೊಂಡ ಕಾರಿನ ಹೆಸರು ಹೇಳಲ್ಲ. ಕಂಪನಿಯದ್ದೇನೂ ತಪ್ಪಿಲ್ಲ, ಹತ್ತು ವರ್ಷದ ಗಾಡಿ, ಮೂರು ಕೈ ಬದಲಾಗಿತ್ತು. ಬೆಲೆ 3,60,000. ಅದರಲ್ಲಿ 1 ಲಕ್ಷ ಅಪ್ಪನ ರೇಷ್ಮೆಗೂಡಿನ ದುಡ್ಡು. ಆಗ ಮೈಸೂರಲ್ಲಿ ಆಡಿಟರ್ ಆಫೀಸಲ್ಲಿ ಕೆಲಸ, ಸಂಬಳ 24,000. ಮನೆ ಮುಂದೆ ತಂದು ನಿಲ್ಲಿಸಿದ ದಿನ ಅಪ್ಪ ಒಂದು ಸುತ್ತು ಬಂದು, "ಇದ್ಯಾಕ್ಲಾ ನೆಲಕ್ಕಂಟ್ಕಂಡದ?" ಅಂದ್ರು. ಅಷ್ಟೇ. ಬೆಲೆ ಕೇಳಲಿಲ್ಲ.

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆನೇ. ನಮ್ಮ ರಸ್ತೆಗಳಿಗೆ ಅದು ಕುಳ್ಳು. ಊರೂರಿಗೂ ಹಂಪ್ಸು, ಅದರಲ್ಲಿ ಅರ್ಧ ಊರವರೇ ಹಾಕ್ಕೊಂಡಿದ್ದು. ಸುಗ್ಗಿ ಟೈಮಲ್ಲಿ ಹನೂರು ಕಡೆ ಹೋಗಿ ನೋಡಿ, ಹುರುಳಿ, ರಾಗಿ ಎಲ್ಲ ರಸ್ತೆ ಮೇಲೇ ಹರಡಿರ್ತಾರೆ, ಗಾಡಿ ಹತ್ತಿದ್ರೆ ಒಕ್ಕಣೆ ಆಗ್ಲಿ ಅಂತ. ಕುಳ್ಳು ಕಾರು ಅದರ ಮೇಲೆ ಹೋದ್ರೆ ಸೊಪ್ಪೆಲ್ಲ ಕೆಳಗೆ ಸುತ್ಕೊಳ್ಳುತ್ತೆ. ಸೈಲೆನ್ಸರ್ ಬಿಸಿಗೆ ಹೊಗೆ ಬಂದ್ರೆ ಮುಗೀತು. ಒಂದು ಸಲ ನಾನು ಮಲಗಿ ಕೈಯಲ್ಲೇ ಕಿತ್ತಿದೀನಿ. ರೈತಮ್ಮ ಒಬ್ರು ಬಂದು ಬಿಂದಿಗೆ ನೀರು ಕೊಟ್ರು, ಕುಡಿಯೋಕಲ್ಲ, ಕಾರಿಗೆ ಹುಯ್ಯೋಕೆ.

ಆದ್ರೂ ಸುಳ್ಳು ಹೇಳಲ್ಲ. ಬೆಳಗಿನ ಜಾವ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಹತ್ತೋ ತಿರುವುಗಳಲ್ಲಿ ಆ ಕಾರು ಹೋಗ್ತಿದ್ದ ರೀತಿ ಇದೆಯಲ್ಲ, ಎರಡನೇ ಗೇರಲ್ಲಿ ಟರ್ಬೊ ಎದ್ದು ಸೀಟಿಗೆ ಬೆನ್ನು ಒತ್ತಿದಾಗ ಆಗೋ ಖುಷಿ, ಅದನ್ನ ಯಾವ ಎಕ್ಸೆಲ್ ಶೀಟಲ್ಲೂ ಹಾಕೋಕಾಗಲ್ಲ. ಶಿವರಾತ್ರಿ, ದೀಪಾವಳಿ ಸಮಯದಲ್ಲಿ ಮಾತ್ರ ಆ ಕಡೆ ತಲೆ ಹಾಕ್ತಿರಲಿಲ್ಲ. ಕಾಲ್ನಡಿಗೆಯಲ್ಲಿ ಹೋಗೋ ಜನ ರಸ್ತೆ ತುಂಬ ಇರ್ತಾರೆ.

ಎಕ್ಸೆಲ್ ಅಂದೆ ಅಲ್ವಾ. ಬಿ.ಕಾಂ. ಬುದ್ಧಿ ಹೋಗಲ್ಲ, 14 ತಿಂಗಳ ಲೆಕ್ಕ ಬರೆದಿಟ್ಟಿದೀನಿ. ನಾಲ್ಕು ಟೈರು 26,000. ಸರ್ವಿಸ್, ಸಸ್ಪೆನ್ಷನ್ 31,000. ಇನ್ಶೂರೆನ್ಸ್ ಎರಡು ಸಲ ಸೇರಿ 24,500. ಹನ್ನೊಂದನೇ ತಿಂಗಳು ಯಳಂದೂರು ದಾಟಿದ ಮೇಲೆ ಗೇರ್ ಬೀಳೋದೇ ನಿಂತೋಯ್ತು. ಇಲ್ಲಿ ಯಾರೂ ಬಿಚ್ಚೋಕೆ ಒಪ್ಪಲಿಲ್ಲ, ಒಪ್ಪದೇ ಇದ್ದಿದ್ದು ಅವರ ಪ್ರಾಮಾಣಿಕತೆ. ಮೈಸೂರಿಗೆ ಲಾರಿ ಮೇಲೆ ಹೇರ್ಕೊಂಡು ಹೋಗಿದ್ದಕ್ಕೆ 6,500, ಗೇರ್‌ಬಾಕ್ಸ್ ರಿಪೇರಿಗೆ 1,12,000. ಎಲ್ಲ ಸೇರಿ 2 ಲಕ್ಷ. ಆಮೇಲೆ 2,80,000ಕ್ಕೆ ಮಾರಿದೆ, ಅಲ್ಲಿ 80,000 ಲುಕ್ಸಾನು. ಒಟ್ಟು 2,80,000, ಅಂದ್ರೆ ತಿಂಗಳಿಗೆ 20,000. ಪೆಟ್ರೋಲ್ ಬಿಟ್ಟು. ಸಂಬಳ ಎಷ್ಟು ಅಂದಿದ್ದೆ? 24,000.

ಇದರ ಹಿಂದಿನ ಲೆಕ್ಕಾಚಾರ ಸಿಂಪಲ್. ಕಾರಿನ ಬೆಲೆಗೆ ಡಿಪ್ರಿಸಿಯೇಷನ್ ಇದೆ, ಗೇರ್‌ಬಾಕ್ಸ್ ಬೆಲೆಗೆ ಇಲ್ಲ. 10 ಲಕ್ಷದ ಕಾರು ಹತ್ತು ವರ್ಷದಲ್ಲಿ 3.5 ಲಕ್ಷ ಆಗುತ್ತೆ, ಆದ್ರೆ ಅದರ ಪಾರ್ಟ್ಸು 10 ಲಕ್ಷದ ಕಾರಿನ ಪಾರ್ಟ್ಸೇ. ನಾವು ಬೆಲೆ ನೋಡಿ ಕೈಗೆಟುಕ್ತು ಅಂದ್ಕೊಳ್ತೀವಿ.

ಇಷ್ಟೂ ದುಡ್ಡಿನ ಮಾತು. ದುಡ್ಡು ಹೋಯ್ತು, ಬುದ್ಧಿ ಬಂತು ಅಂದ್ಕೊಂಡಿದ್ದೆ. ನಿಜವಾದ ರಿಸ್ಕ್ ಎಲ್ಲಿತ್ತು ಅಂತ ಗೊತ್ತಾಗಿದ್ದು ಆ ಚಲನ್ ಬಂದಾಗ.

ಮಾರುವಾಗ ಏನ್ ಮಾಡಿದೆ ಗೊತ್ತಾ? ಎಲ್ಲರೂ ಮಾಡೋದೇ. ಫಾರಂ 29, 30ಕ್ಕೆ ಖಾಲಿ ಸೈನ್ ಹಾಕಿ, ಆರ್‌ಸಿ ಜೊತೆ ಕೈಗಿಟ್ಟು, ಒಂದು ಡೆಲಿವರಿ ನೋಟ್ ಬರೆಸ್ಕೊಂಡು, ಟೀ ಕುಡಿದು ಕಳಿಸಿದೆ. "ವಾರದಲ್ಲಿ ಹೆಸರು ಬದಲಾಯಿಸ್ಕೊತೀನಿ ಸಾರ್" ಅಂದ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ತಾನೇ ಆರ್‌ಟಿಒಗೆ ತಿಳಿಸಬೇಕು, ತಗೊಂಡವನಿಗೆ 30 ದಿನ ಟೈಮು. ತಿಳಿಸೋ ಕೆಲಸ ನನ್ನದು. ನಾನು ಅವನ ಮೇಲೆ ಬಿಟ್ಟೆ. ಅವನು ಇನ್ನೊಬ್ಬನಿಗೆ ಮಾರಿದಾನೆ. ಈಗ ಅವನ ಫೋನ್ ಸ್ವಿಚ್ ಆಫ್.

ದಂಡ ಬಿಡಿ, ಕಟ್ಟಬಹುದು. ರಾತ್ರಿ ನಿದ್ದೆ ಬಾರದೇ ಇರೋದು ಬೇರೆ ಕಾರಣಕ್ಕೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ಅನ್ನೋ ಕೇಸಲ್ಲಿ ತೀರ್ಪು ಕೊಟ್ಟಿದೆ. ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟ ಆಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಅಪಘಾತ ಆಯ್ತು. ಪರಿಹಾರಕ್ಕೆ ಯಾರು ಹೊಣೆ? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತು ಕೋರ್ಟು. ಗಾಯಗೊಂಡವರು ಕಾರು ಯಾರ್ಯಾರ ಕೈಗೆ ಹೋಗಿದೆ ಅಂತ ಹುಡುಕ್ಕೊಂಡು ಅಲೆಯೋಕಾಗಲ್ಲವಲ್ಲ. ಓದಿದಾಗ ನ್ಯಾಯ ಅನಿಸ್ತು. ನನ್ನದೇ ಹೆಸರು ಅಂತ ನೆನಪಾದಾಗ ಬೆವರು ಬಂತು.

ನಾನು ಕಟ್ಟಿದ್ದ ಇನ್ಶೂರೆನ್ಸ್ ಇನ್ನೆರಡು ತಿಂಗಳಿಗೆ ಮುಗಿಯುತ್ತೆ. ಆಮೇಲೆ ಯಾರೋ ಮುಖ ನೋಡದ ಹುಡುಗ ಆ ಕಾರಲ್ಲಿ 127ರಲ್ಲಿ ಹೋಗಿ ಯಾರಿಗಾದ್ರೂ ಗುದ್ದಿದ್ರೆ, ನೋಟಿಸ್ ಬರೋದು ನಮ್ಮನೆ ಬಾಗಿಲಿಗೆ. ನನ್ನ ಹತ್ರ ಇರೋದು ಒಂದು ಸ್ಕೂಟರು, ಅಪ್ಪನ ಹೆಸರಲ್ಲಿ ಎರಡೆಕರೆ ಹಿಪ್ಪುನೇರಳೆ. ಆ ಜಮೀನು ನನ್ನದಲ್ಲ, ಆದ್ರೂ ಮನಸ್ಸು ಮೊದಲು ಹೋಗೋದು ಅಲ್ಲಿಗೇ.

ಸೋಮವಾರ ಚಾಮರಾಜನಗರ ಆರ್‌ಟಿಒಗೆ ಹೋಗಿದ್ದೆ. ಡೆಲಿವರಿ ನೋಟ್ ಜೆರಾಕ್ಸು, ದುಡ್ಡು ಅಕೌಂಟಿಗೆ ಬಂದ ಸ್ಟೇಟ್‌ಮೆಂಟು, ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡೆ. ಪೊಲೀಸ್ ಠಾಣೆಗೂ ಬರೆದು ಕೊಟ್ಟಿದೀನಿ. ಹೆಸರು ಇನ್ನೂ ಬದಲಾಗಿಲ್ಲ. ಅಲ್ಲಿವರೆಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ನಾನೇ ಕಟ್ಟಿಬಿಡೋಣ ಅಂತಿದೀನಿ. 1000ದಿಂದ 1500 ಸಿಸಿ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಮಾರಿದ ಕಾರಿಗೆ ಇನ್ಶೂರೆನ್ಸ್ ಕಟ್ಟೋ ಪುಣ್ಯಾತ್ಮ ಅಂತ ಅಕ್ಕ ನಗ್ತಿದಾಳೆ. ನಗ್ಲಿ.

ಈಗ ಯಳಂದೂರಿನ ತಮ್ಮನಿಗೆ. ನೀನು ಕಳಿಸಿರೋ ಕಾರಿನದು ದೆಹಲಿ ನಂಬರು. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಆದೇಶ ಮಾಡಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿತ್ತು. ಅದಕ್ಕೇ ಆ ಕಡೆ ಹಳೇ ಗಾಡಿ ಅಗ್ಗ. ಇಲ್ಲಿಗೆ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಕೊಂಡ್ರೆ ಇಲ್ಲಿನ ನಂಬರ್ ಬೇಕು. ಅದಕ್ಕೆ ಅಲ್ಲಿನ ಎನ್‌ಒಸಿ ಬೇಕು, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಹಳೇ ಗಾಡಿಗೆ ವಯಸ್ಸು ನೋಡಿ ಟ್ಯಾಕ್ಸ್ ಕಮ್ಮಿ ಆಗುತ್ತೆ, ಸೊನ್ನೆ ಆಗಲ್ಲ. ಬ್ರೋಕರ್ ಹೇಳಿದ 3.25 ಲಕ್ಷದಲ್ಲಿ ಇದು ಸೇರಿದೆಯಾ ಕೇಳು. ಸೇರಿರಲ್ಲ. ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕ, ಲೋನ್ ಬಾಕಿ ಇದೆಯಾ, ಇನ್ಶೂರೆನ್ಸ್ ಎಲ್ಲಿವರೆಗಿದೆ, ಎಲ್ಲ ನೋಡು. ಮೈಸೂರಿಗೆ ತಗೊಂಡು ಹೋಗಿ ಸ್ಕ್ಯಾನ್ ಹಾಕಿಸು, ಮಾರೋನು ಬೇಡ ಅಂದ್ರೆ ಅಲ್ಲಿಗೇ ಬಿಡು. ಕಾರಿನ ಬೆಲೆಯ ಅರ್ಧದಷ್ಟು ದುಡ್ಡು, ಮನೆಯವರದ್ದಲ್ಲ, ನಿನ್ನದೇ, ಬ್ಯಾಂಕಲ್ಲಿ ಬೇರೆ ಇದ್ರೆ ಮಾತ್ರ ಮುಂದಿನ ಮಾತು. ಇದ್ದು ತಗೊಂಡ್ರೆ ನನಗೂ ಒಂದು ರೌಂಡ್ ಕೊಡು. ಇಲ್ದಿದ್ರೆ ಈ ವರ್ಷ ಬೇಡ ಕಣಪ್ಪ.

ಒಂದು ವಿನಂತಿ. ಮಂಡ್ಯ, ರಾಮನಗರ ಕಡೆ ಕೇಳ್ತಿರೋರಲ್ಲಿ ಯಾರಾದ್ರೂ ಇತ್ತೀಚೆಗೆ ಬಿಳಿ ಬಣ್ಣದ, ಎಡಗಡೆ ಹಿಂದಿನ ಡೋರಲ್ಲಿ ಉದ್ದಕ್ಕೆ ಗೀರಿರೋ ಫಾಸ್ಟ್ ಗಾಡಿ ತಗೊಂಡಿದ್ರೆ, ಆರ್‌ಸಿಯಲ್ಲಿ ಕೊಳ್ಳೇಗಾಲದ ವಿಳಾಸ ಇದ್ರೆ, ನಂಗೊಂದು ಮೆಸೇಜ್ ಹಾಕಿ. ಬೈಯಲ್ಲ. ಆರ್‌ಟಿಒಗೆ ನಾನೇ ಬರ್ತೀನಿ, ಫೀಸೂ ನಾನೇ ಕಟ್ತೀನಿ.

ಮುಂದಿನ ಸೋಮವಾರ ಮತ್ತೆ ಚಾಮರಾಜನಗರಕ್ಕೆ ಹೋಗಬೇಕು. ಏನಾಯ್ತು ಅಂತ ಮುಂದಿನ ಎಪಿಸೋಡಲ್ಲಿ ಹೇಳ್ತೀನಿ.