ಸ್ತನಾರ್ಬುದದ ಚಿಕಿತ್ಸೆಯೂ ಮಿತವ್ಯಾಯಾಮವೂ

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಯಾರಿಗಾದರೂ ವ್ಯಾಧಿಯು ತಗುಲಿದಾಗ ಉಳಿದವರ ಬಾಯಿಂದ ಮೊದಲು ಹೊರಡುವ ಮಾತು "ಸುಮ್ಮನೆ ಮಲಗಿರು, ಏಳಬೇಡ" ಎಂಬುದು. ಈ ಮಾತು ಪ್ರೀತಿಯಿಂದ ಹುಟ್ಟಿದುದು. ನಾಲ್ಕಾರು ದಿನಗಳ ಜ್ವರದಲ್ಲಿ ಹಿತವಾದುದೂ ಹೌದು. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚಿಕಿತ್ಸೆಯನ್ನು ಬೇಡುವ ವ್ಯಾಧಿಯಲ್ಲಿ ಇದೇ ಮಾತು ರೋಗಿಗೆ ಉಪಕಾರವನ್ನು ಮಾಡುವುದೋ ಅಪಕಾರವನ್ನು ಮಾಡುವುದೋ ಎಂಬುದು ವಿಚಾರಾರ್ಹವಾದ ಸಂಗತಿ. ಸ್ತ್ರೀಯರಿಗೆ ಬರುವ ಸ್ತನಾರ್ಬುದವು ಅಂತಹ ವ್ಯಾಧಿಯಾದುದರಿಂದ ಅದನ್ನೇ ಮುಂದಿಟ್ಟುಕೊಂಡು ಈ ವಿಚಾರವನ್ನು ಮಾಡತಕ್ಕದ್ದಾಗಿದೆ.

ಸ್ತನದಲ್ಲಿ ಹುಟ್ಟುವ ಈ ಗಂಟನ್ನು ಜನರು ಏಡಿಗಂತಿಯೆಂದೂ ಈಚೆಗೆ ಕ್ಯಾನ್ಸರೆಂದೂ ಕರೆಯುವರು. 2022ನೆಯ ವರ್ಷದಲ್ಲಿ ಭೂಮಂಡಲದಲ್ಲೆಲ್ಲ ಸುಮಾರು 23 ಲಕ್ಷ ಸ್ತ್ರೀಯರಲ್ಲಿ ಈ ರೋಗವು ಹೊಸದಾಗಿ ಕಂಡುಬಂದಿತು. ಭಾರತವೊಂದರಲ್ಲಿಯೇ ಆ ಸಂಖ್ಯೆಯು ಸುಮಾರು 1 ಲಕ್ಷ 92 ಸಾವಿರ. ಈ ದೇಶದ ಸ್ತ್ರೀಯರನ್ನು ಪೀಡಿಸುವ ಅರ್ಬುದಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಚಿಕಿತ್ಸೆಯಾದರೋ ಬಹುವಿಧವಾದುದು. ಶಸ್ತ್ರಕ್ರಿಯೆಯಿಂದ ಗಂಟನ್ನು ಮಾತ್ರವೋ ಸ್ತನವನ್ನು ಪೂರ್ತಿಯಾಗಿಯೋ ತೆಗೆಯುವುದು, ರಕ್ತನಾಳದ ಮೂಲಕ ಎರಡು ಮೂರು ವಾರಗಳಿಗೊಮ್ಮೆ ತೀಕ್ಷ್ಣವಾದ ಔಷಧವನ್ನು ಕೊಡುವ ಕೀಮೋಥೆರಪಿ, ವಿಕಿರಣಗಳ ಪ್ರಯೋಗ, ಕೆಲವರಿಗೆ ಐದರಿಂದ ಹತ್ತು ವರ್ಷಗಳ ಪರ್ಯಂತ ಹಾರ್ಮೋನುಗಳ ಕಾರ್ಯವನ್ನು ತಡೆಯುವ ಮಾತ್ರೆಗಳು. ಇವುಗಳಿಂದ ಪ್ರಾಣವುಳಿಯುವುದು ನಿಜ. ಇವುಗಳಿಂದ ಶರೀರವು ಬಳಲುವುದೂ ಅಷ್ಟೇ ನಿಜ. ಹೀಗೆ ಬಳಲಿದ ಶರೀರವನ್ನು ಚಲನೆಯಲ್ಲಿ ಇಡಬೇಕೋ ಹಾಸಿಗೆಯಲ್ಲಿ ಇಡಬೇಕೋ ಎಂಬುದೇ ಪ್ರಶ್ನೆ.

ಹಾಸಿಗೆಯೇ ಹಿತವೆನ್ನುವವರ ವಾದವನ್ನು ಮೊದಲು ಕೇಳೋಣ. ಔಷಧದ ತಾಪದಿಂದ ಬಲವು ಕುಗ್ಗಿರುವಾಗ ನಡೆದಾಡಿದರೆ ಉಳಿದ ಬಲವೂ ವ್ಯಯವಾಗುವುದಲ್ಲವೆ ಎಂಬುದು ಅವರ ಮೊದಲನೆಯ ಆಕ್ಷೇಪ. ಶಸ್ತ್ರಕ್ರಿಯೆಯಾದ ಪಕ್ಕದ ತೋಳಿಗೆ ಕೆಲಸ ಕೊಟ್ಟರೆ ತೋಳು ಬಾತುಕೊಳ್ಳುವುದಲ್ಲವೆ ಎಂಬುದು ಎರಡನೆಯದು. ರೋಗಿಗೂ ಕೃಶನಾದವನಿಗೂ ವ್ಯಾಯಾಮವನ್ನು ಹಿಂದಿನ ಆಚಾರ್ಯರೇ ನಿಷೇಧಿಸಿರುವರಲ್ಲವೆ ಎಂಬುದು ಮೂರನೆಯದು. ಈ ಮೂರೂ ತಳ್ಳಿಹಾಕತಕ್ಕವಲ್ಲ, ಒಂದೊಂದಾಗಿ ಪರಿಶೀಲಿಸತಕ್ಕವು.

ಮೊದಲನೆಯದಕ್ಕೆ ಸಮಾಧಾನವೇನೆಂದರೆ, ಶರೀರದ ಬಲವು ಕಣಜದ ಕಾಳಿನಂತೆ ಮುಟ್ಟದೆ ಇಟ್ಟರೆ ಉಳಿಯುವ ವಸ್ತುವಲ್ಲ. ಬಾವಿಯ ನೀರನ್ನು ಸೇದುತ್ತಿದ್ದರೆ ಒರತೆ ತೆರೆದಿರುವಂತೆ, ಉಪಯೋಗಿಸಿದರೆ ಮಾತ್ರ ಅದು ನಿಲ್ಲುವುದು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತರಾದ ತರುಣರನ್ನು ಮೂರು ವಾರ ಮಂಚದ ಮೇಲೆಯೇ ಮಲಗಿಸಿ ಪರೀಕ್ಷಿಸಿದರು. ಅಷ್ಟರಲ್ಲಿಯೇ ಅವರ ಶ್ರಮಸಾಮರ್ಥ್ಯವು ಕಾಲುಭಾಗಕ್ಕಿಂತ ಹೆಚ್ಚಾಗಿ ಕುಗ್ಗಿತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಪುನಃ ಪರೀಕ್ಷಿಸಲಾಗಿ, ಮೂವತ್ತು ವರ್ಷಗಳ ವಯೋಭಾರವು ಮಾಡಿದ ಹಾನಿಯು ಆ ಮೂರು ವಾರಗಳ ಶಯನವು ಮಾಡಿದ ಹಾನಿಯಷ್ಟು ಇರಲಿಲ್ಲ. ರೋಗವಿಲ್ಲದ ತರುಣರ ಪಾಡೇ ಹೀಗಾದರೆ, ಔಷಧದಿಂದ ಮೊದಲೇ ಕುಂದಿದ ಸ್ತ್ರೀಯ ಪಾಡೇನು? ಆಯಾಸವೆಂದು ಮಲಗುವಳು, ಮಲಗಿದುದರಿಂದ ಮಾಂಸಖಂಡಗಳು ಸೊರಗುವುವು, ಸೊರಗಿದುದರಿಂದ ಎದ್ದು ನಾಲ್ಕು ಹೆಜ್ಜೆ ಇಡುವುದೇ ಆಯಾಸವಾಗುವುದು, ಪುನಃ ಮಲಗುವಳು. ಈ ಚಕ್ರದಲ್ಲಿ ಔಷಧದಿಂದ ಬಂದ ಆಯಾಸವೆಷ್ಟು, ಹಾಸಿಗೆಯಿಂದ ಬಂದ ಆಯಾಸವೆಷ್ಟು ಎಂದು ವಿಂಗಡಿಸುವುದೇ ಕಷ್ಟ.

ಇದು ಬರಿಯ ತರ್ಕವಲ್ಲ. 1989ರಲ್ಲಿ ಅಮೆರಿಕದ ಒಹಾಯೊ ಪ್ರಾಂತದ ಶುಶ್ರೂಷಾ ವಿದ್ವಾಂಸರು ಕೀಮೋಥೆರಪಿ ಪಡೆಯುತ್ತಿದ್ದ 45 ಸ್ತ್ರೀಯರನ್ನು ಕುರಿತ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ಒಂದು ಗುಂಪಿನವರು ನಿಂತಲ್ಲಿಯೇ ತುಳಿಯುವ ಸೈಕಲ್ಲನ್ನು ವಾರಕ್ಕೆ ಮೂರು ಸಲದಂತೆ ಹತ್ತು ವಾರ ತುಳಿದರು. ಔಷಧವು ನಡೆಯುತ್ತಿದ್ದರೂ ಅವರ ಶ್ರಮಸಾಮರ್ಥ್ಯವು ಕುಗ್ಗದೆ ನೂರಕ್ಕೆ ನಾಲ್ವತ್ತರಷ್ಟು ವೃದ್ಧಿಯಾಯಿತು. ಅನಂತರ 2007ರಲ್ಲಿ ಕೆನಡಾ ದೇಶದ 242 ಸ್ತ್ರೀಯರ ಪರೀಕ್ಷೆಯೊಂದು ಪ್ರಕಟವಾಯಿತು. ನಿಯಮಿಸಿದ ಔಷಧದಲ್ಲಿ ನೂರಕ್ಕೆ 85 ಪಾಲಿಗೆ ಕಡಮೆಯಾಗದಂತೆ ಪಡೆಯಲು ಶಕ್ತರಾದವರು, ವ್ಯಾಯಾಮವಿಲ್ಲದ ಗುಂಪಿನಲ್ಲಿ ನೂರಕ್ಕೆ 66 ಮಂದಿ. ತೂಕವೆತ್ತುವ ವ್ಯಾಯಾಮ ಮಾಡಿದವರಲ್ಲಿ 78 ಮಂದಿ. ನಿಶ್ಶಕ್ತಿಯಿಂದ ಔಷಧದ ಪ್ರಮಾಣವನ್ನು ತಗ್ಗಿಸಬೇಕಾಗಿ ಬರುವುದು ಸಣ್ಣ ವಿಷಯವಲ್ಲವಾದುದರಿಂದ ಈ ಭೇದವು ಮನನೀಯವಾದುದು. 2022ರಲ್ಲಿ ಅಮೆರಿಕದ ಅರ್ಬುದವೈದ್ಯರ ಸಂಘವು, ಗುಣವಾಗಲೆಂದು ಚಿಕಿತ್ಸೆ ಪಡೆಯುತ್ತಿರುವ ರೋಗಿಗಳಿಗೆ ಚಿಕಿತ್ಸೆಯ ಕಾಲದಲ್ಲಿಯೇ ನಿಯತವಾದ ವ್ಯಾಯಾಮವನ್ನು ವೈದ್ಯರು ಉಪದೇಶಿಸತಕ್ಕದ್ದೆಂದು ವಿಧಿಸಿತು.

ಎರಡನೆಯ ಆಕ್ಷೇಪವು ತೋಳಿನ ಬಾವನ್ನು ಕುರಿತುದು. ಕಂಕುಳಲ್ಲಿ ದುಗ್ಧರಸವನ್ನು ಸೋಸುವ ಗ್ರಂಥಿಗಳುಂಟು. ರೋಗವು ಅಲ್ಲಿಗೆ ಹಬ್ಬುವುದಾದುದರಿಂದ ಅವುಗಳನ್ನೂ ತೆಗೆಯಬೇಕಾಗುವುದು. 1894ರಲ್ಲಿ ಹಾಲ್ಸ್ಟೆಡ್ ಎಂಬ ಅಮೆರಿಕದ ಶಸ್ತ್ರವೈದ್ಯನು ಪ್ರಸಿದ್ಧಿಪಡಿಸಿದ ಕ್ರಮದಲ್ಲಿ ಸ್ತನದೊಡನೆ ಎದೆಯ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಈಗ ಅಷ್ಟು ದೂರ ಹೋಗುವುದು ವಿರಳ; ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸಿ, ಅವು ಶುದ್ಧವಾಗಿದ್ದರೆ ಉಳಿದವನ್ನು ಬಿಡುವುದೂ ಉಂಟು. ಗ್ರಂಥಿಗಳು ಹೋದ ಕಡೆ ರಸವು ಹರಿಯಲಾರದೆ ನಿಂತರೆ ತೋಳು ಬಾತುಕೊಳ್ಳುವುದು. ಆದುದರಿಂದ ಆ ತೋಳಿನಿಂದ ಭಾರವನ್ನು ಎತ್ತಬಾರದು, ಮಗುವನ್ನೂ ಎತ್ತಿಕೊಳ್ಳಬಾರದು ಎಂದು ಬಹುಕಾಲ ಹೇಳುತ್ತ ಬಂದರು.

ಈ ನಂಬಿಕೆಯನ್ನು ಪರೀಕ್ಷಿಸಲು ಕೆನಡಾ ದೇಶದ ವ್ಯಾಂಕೂವರ್ ನಗರದ ಡಾನ್ ಮೆಕೆಂಜಿ ಎಂಬ ವೈದ್ಯನು 1996ರಲ್ಲಿ ಅಪೂರ್ವವಾದ ಉಪಾಯವನ್ನು ಮಾಡಿದನು. ಸ್ತನಾರ್ಬುದದ ಚಿಕಿತ್ಸೆಯನ್ನು ಪಡೆದಿದ್ದ 24 ಸ್ತ್ರೀಯರನ್ನು ಕೂಡಿಸಿ, ಅವರಿಗೆ ಕ್ರಮವಾಗಿ ಅಂಗಸಾಧನೆಯನ್ನು ಮಾಡಿಸಿ, ಚೀನೀಯರ ಪದ್ಧತಿಯ ನಾಗಮುಖದ ಉದ್ದ ದೋಣಿಯಲ್ಲಿ ಕುಳ್ಳಿರಿಸಿ ಹುಟ್ಟುಹಾಕಿಸಿದನು. ಹುಟ್ಟುಹಾಕುವುದೆಂದರೆ ತೋಳು, ಹೆಗಲು, ಬೆನ್ನುಗಳಿಗೆಲ್ಲ ಮೇಲಿಂದ ಮೇಲೆ ಬೀಳುವ ಶ್ರಮ; ಹಿಂದಿನ ನಂಬಿಕೆಯು ನಿಜವಾಗಿದ್ದರೆ ಅನೇಕರ ತೋಳುಗಳು ಬಾತುಕೊಳ್ಳಬೇಕಾಗಿದ್ದಿತು. ಒಬ್ಬರಿಗೂ ಹೊಸದಾಗಿ ಬಾವು ಬರಲಿಲ್ಲ. ಆ 24 ಸ್ತ್ರೀಯರ ದೋಣಿಯನ್ನು ಕಂಡು ಅಂತಹ ತಂಡಗಳು ಈಗ ಅನೇಕ ದೇಶಗಳಲ್ಲಿ ಹುಟ್ಟಿಕೊಂಡಿವೆ.

24 ಮಂದಿಯ ಅನುಭವವನ್ನು ಸಿದ್ಧಾಂತವೆನ್ನಲಾಗದೆಂದು ಯಾರಾದರೂ ಹೇಳಿದರೆ ಅದು ನ್ಯಾಯವೇ. ಆದುದರಿಂದ ಕ್ಯಾಥ್ರಿನ್ ಶ್ಮಿಟ್ಜ್ ಎಂಬ ವಿದುಷಿಯು ಫಿಲಡೆಲ್ಫಿಯದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಗಮನಿಸತಕ್ಕದ್ದು. ತೋಳಿಗೆ ಬಾವು ಮೊದಲೇ ಬಂದಿದ್ದ 141 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ವಾರಕ್ಕೆ ಎರಡು ಸಲ, ಅಲ್ಪಭಾರದಿಂದ ಮೊದಲುಮಾಡಿ ಮೆಲ್ಲಮೆಲ್ಲನೆ ಏರಿಸುತ್ತ, ಒಂದು ವರ್ಷ ತೂಕವೆತ್ತಿಸಿದರು. ಬಾವು ಹೆಚ್ಚಿದವರು ತೂಕವೆತ್ತಿದ ಗುಂಪಿನಲ್ಲಿ ನೂರಕ್ಕೆ 11 ಮಂದಿ, ಎತ್ತದ ಗುಂಪಿನಲ್ಲಿ 12 ಮಂದಿ, ಭೇದವಿಲ್ಲ. ಆದರೆ ಬಾವು ಕೆರಳಿ ಚಿಕಿತ್ಸೆ ಬೇಕಾದ ಪ್ರಸಂಗಗಳು ಎತ್ತಿದವರಲ್ಲಿಯೇ ಕಡಮೆ. ತೋಳಿನ ಮಾಂಸಖಂಡವು ಸಂಕೋಚ ವಿಕಾಸಗಳನ್ನು ಹೊಂದುವಾಗ ನಿಂತ ರಸವನ್ನು ಮೇಲಕ್ಕೆ ನೂಕುವುದರಿಂದಲೂ, ಬಲವಾದ ತೋಳಿಗೆ ದಿನನಿತ್ಯದ ಭಾರವು ಭಾರವೆನಿಸದುದರಿಂದಲೂ ಹೀಗಾಗುವುದು ಯುಕ್ತವೇ ಆಗಿದೆ.

ಮೂರನೆಯ ಆಕ್ಷೇಪವು ಶಾಸ್ತ್ರದ್ದು. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ವ್ಯಾಯಾಮದ ಲಕ್ಷಣವನ್ನು ಹೇಳುವಾಗ, ಶರೀರಕ್ಕೆ ಸ್ಥೈರ್ಯವನ್ನೂ ಬಲವನ್ನೂ ಕೊಡುವ ಇಷ್ಟವಾದ ಚೇಷ್ಟೆಯೆಂದು ಹೇಳಿ, ಅದನ್ನು ಮಾತ್ರೆಯರಿತು ಆಚರಿಸಬೇಕೆಂದಿದೆ. ಇಲ್ಲಿ ಮಾತ್ರೆಯೆಂದರೆ ಪ್ರಮಾಣ. ಆ ಪ್ರಮಾಣವೆಷ್ಟು? ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ತನ್ನ ಬಲದ ಅರ್ಧದಷ್ಟೆಂದು ಹೇಳಿ, ಹೃದಯದಲ್ಲಿರುವ ವಾಯುವು ಬಾಯಿಗೆ ಬರುವುದನ್ನು, ಅಂದರೆ ಉಸಿರು ಬಾಯಿಂದ ಹೊರಡತೊಡಗುವುದನ್ನು, ಅದರ ಗುರುತಾಗಿ ಕೊಟ್ಟಿದೆ. ನಡೆಯುವಾಗ ಜತೆಯವರೊಡನೆ ಮಾತನಾಡಲು ಬರುವಷ್ಟು ಉಸಿರಿರಬೇಕೆಂದು ಇಂದಿನ ವೈದ್ಯರು ಹೇಳುವ ಗುರುತಿಗೂ ಇದಕ್ಕೂ ಬಹಳ ದೂರವಿಲ್ಲ. ನಿಷೇಧವೂ ಅಲ್ಲಿಯೇ ಇದೆ: ಕೃಶರಿಗೆ, ರಕ್ತಪಿತ್ತವುಳ್ಳವರಿಗೆ, ಶ್ವಾಸಕಾಸಗಳಿಂದ ಪೀಡಿತರಿಗೆ, ತಲೆತಿರುಗುವವರಿಗೆ ವ್ಯಾಯಾಮವು ಸಲ್ಲದು. ಈಗಿನ ವೈದ್ಯರೂ ರಕ್ತಸ್ರಾವದ ಭಯವಿರುವಾಗ, ಉಸಿರು ಕಟ್ಟುವಾಗ, ತಲೆ ಸುತ್ತುವಾಗ ನಿಲ್ಲಿಸೆನ್ನುವರು. ಹೀಗಿರಲು ಆಚಾರ್ಯರು ನಿಷೇಧಿಸಿದುದು ಅವಸ್ಥಾವಿಶೇಷದಲ್ಲಿಯೇ ಹೊರತು ರೋಗವೆಂಬ ಹೆಸರು ಬಂದ ಮಾತ್ರಕ್ಕೆ ಅಲ್ಲ. ವೈದ್ಯನು ಅವಸ್ಥೆಯನ್ನು ನೋಡಿ ಅನುಮತಿಸಿದ ಮಿತವ್ಯಾಯಾಮಕ್ಕೆ ಶಾಸ್ತ್ರದ ವಿರೋಧವಿಲ್ಲ.

ಇನ್ನು ಆಚರಣೆಯ ಕ್ರಮ. ಶಸ್ತ್ರಕ್ರಿಯೆಯಾದ ಮೊದಲ ದಿನಗಳಲ್ಲಿ ಬೆರಳುಗಳನ್ನು ಮಡಿಸಿ ಬಿಚ್ಚುವುದು, ಮೊಣಕೈಯನ್ನು ಮಡಿಸಿ ನೀಡುವುದು, ಇಷ್ಟು ಸಾಕು. ಗಾಯದ ನೀರಿಳಿಯಲು ಇಟ್ಟ ನಳಿಗೆಯನ್ನು ತೆಗೆದು, ವೈದ್ಯರು ಒಪ್ಪಿದ ಮೇಲೆ ತಲೆಯನ್ನು ತಾನೇ ಬಾಚಿಕೊಳ್ಳುವುದು, ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಹಂತಹಂತವಾಗಿ ಏರಿಸುವುದು. ಇದನ್ನು ಅಲಕ್ಷಿಸಿದರೆ ಹೆಗಲು ಬಿಗಿದುಕೊಳ್ಳುವುದು. ವಿಕಿರಣ ಚಿಕಿತ್ಸೆಯಲ್ಲಿ ತೋಳನ್ನು ತಲೆಯ ಮೇಲಕ್ಕೆ ಎತ್ತಿ ಅಲುಗದೆ ಮಲಗಬೇಕಾದುದರಿಂದ ಹೆಗಲು ಬಿಗಿದವಳಿಗೆ ಆ ಚಿಕಿತ್ಸೆಯೇ ತಡವಾಗಬಹುದು. ಕೀಮೋಥೆರಪಿಯ ಕಾಲದಲ್ಲಿ ನಡಿಗೆಯೇ ಉತ್ತಮವಾದ ಸಾಧನ. ಔಷಧ ಪಡೆದ ಎರಡು ಮೂರು ದಿನ ಪಡಸಾಲೆಯಿಂದ ಅಂಗಳದವರೆಗೆ ನಡೆದರೂ ಅದು ನಡಿಗೆಯೇ. ಅನಂತರ ಹತ್ತು ನಿಮಿಷ, ಹದಿನೈದು ನಿಮಿಷ ಹೀಗೆ ಏರಿಸಿ, ವಾರಕ್ಕೆ ಮೂರು ದಿನ ಅರ್ಧ ಗಂಟೆಯ ನಡಿಗೆಯನ್ನೂ, ಎರಡು ದಿನ ಮಾಂಸಖಂಡಗಳಿಗೆ ಬಲವನ್ನು ಕೊಡುವ ಸಾಧನೆಯನ್ನೂ ಗುರಿಯಾಗಿ ಇಟ್ಟುಕೊಳ್ಳಬಹುದೆಂದು 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಅಭಿಪ್ರಾಯ. ತೂಕವೆತ್ತುವವರು ತಿಳಿದವರ ಕಣ್ಣೆದುರಿನಲ್ಲಿ, ಅಲ್ಪದಿಂದ ಮೊದಲುಮಾಡಬೇಕು. ಬಾವು ಇದ್ದವರು ವೈದ್ಯರು ಹೇಳಿದ ಬಿಗಿಯಾದ ತೋಳುಚೀಲವನ್ನು ತೊಟ್ಟಿರಬೇಕು. ಕೆಲವು ಔಷಧಗಳಿಂದ ಅಂಗಾಲು ಜೋಮು ಹಿಡಿಯುವುದುಂಟು; ಅಂತಹವರು ಬರಿಗಾಲಿನಲ್ಲಿಯೂ ಕಲ್ಲುಮುಳ್ಳಿನ ದಾರಿಯಲ್ಲಿಯೂ ನಡೆಯಬಾರದು. ಹಾರ್ಮೋನು ಮಾತ್ರೆಗಳಲ್ಲಿ ಕೆಲವು ಕೀಲುನೋವನ್ನು ತರುವುವು. ಅಮೆರಿಕದಲ್ಲಿ ಅಂತಹ 121 ಸ್ತ್ರೀಯರ ಪರೀಕ್ಷೆಯಲ್ಲಿ ಒಂದು ವರ್ಷದ ವ್ಯಾಯಾಮದಿಂದ ಕೀಲುನೋವು ನೂರಕ್ಕೆ 29ರಷ್ಟು ತಗ್ಗಿತೆಂದು 2015ರಲ್ಲಿ ಪ್ರಕಟವಾಗಿದೆ. ಯೋಗಾಭ್ಯಾಸದ ವಿಷಯದಲ್ಲಿ ಬೆಂಗಳೂರಿನಲ್ಲಿಯೇ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ವಿದ್ವಾಂಸರು ಕೀಮೋಥೆರಪಿ ಪಡೆಯುವ 62 ಸ್ತ್ರೀಯರಲ್ಲಿ ಪರೀಕ್ಷೆ ನಡೆಸಿ, ಓಕರಿಕೆಯ ಬಾಧೆಯು ತಗ್ಗಿದುದನ್ನು 2007ರಲ್ಲಿ ಪ್ರಕಟಿಸಿರುವರು.

ನಿಲ್ಲಿಸತಕ್ಕ ಕಾಲವನ್ನೂ ಅರಿತಿರಬೇಕು. ಎದೆನೋವು, ಉಸಿರು ಕಟ್ಟುವಿಕೆ, ತಲೆಸುತ್ತು, ತೋಳು ಕೆಂಪೇರಿ ಬಿಸಿಯಾಗುವುದು, ಎಲುಬಿನಲ್ಲಿ ಹೊಸದಾದ ನೋವು, ಇವು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸತಕ್ಕದ್ದು. ಕೀಮೋಥೆರಪಿಯ ಕಾಲದಲ್ಲಿ ಜ್ವರವು 100.4 ಡಿಗ್ರಿಗೆ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ರೋಗವು ಎಲುಬಿಗೆ ಹಬ್ಬಿದವರೂ, ಹೃದಯಕ್ಕೆ ತೊಂದರೆಯಾದವರೂ ವೈದ್ಯರ ಅಪ್ಪಣೆಯಿಲ್ಲದೆ ಯಾವ ಸಾಧನೆಯನ್ನೂ ತೊಡಗಕೂಡದು.

"ಮನೆಗೆಲಸವೇ ಬೇಕಾದಷ್ಟಿರುವಾಗ ಬೇರೆ ವ್ಯಾಯಾಮವೇಕೆ?" ಎಂದು ತಾಯಂದಿರಲ್ಲಿ ಕೆಲವರು ಕೇಳಬಹುದು. ಪ್ರಶ್ನೆಯು ಸಹಜ. ಆದರೆ ಮನೆಗೆಲಸಕ್ಕೆ ಮಾತ್ರೆಯಿಲ್ಲ. ಬಲವಿದ್ದಷ್ಟು ಮಾಡಿ ನಿಲ್ಲಿಸು ಎಂದು ಒಲೆಯೂ ಹೇಳದು, ನೀರಿನ ಕೊಡವೂ ಹೇಳದು. ದಣಿದ ಮೇಲೆಯೂ ಮಾಡಬೇಕಾಗಿ ಬರುವುದು ದುಡಿಮೆ. ದಣಿಯುವ ಮುನ್ನ ನಿಲ್ಲಿಸಬಹುದಾದುದು ವ್ಯಾಯಾಮ. ಆದುದರಿಂದ ಮನೆಯವರ ಕರ್ತವ್ಯವು ಇಮ್ಮಡಿಯಾದುದು: ಅವಳನ್ನು ಮಂಚಕ್ಕೆ ಕಟ್ಟಿಹಾಕಬಾರದು, ಅವಳ ಕೈಯ ಕೊಡವನ್ನು ತಾವು ತೆಗೆದುಕೊಂಡು ಅವಳಿಗೆ ದಿನಕ್ಕೆ ಅರ್ಧ ಗಂಟೆಯನ್ನು ಬಿಡಿಸಿಕೊಡಬೇಕು. "ಇಂತಹ ರೋಗವನ್ನಿಟ್ಟುಕೊಂಡು ಬೀದಿಯಲ್ಲಿ ತಿರುಗುವಳಲ್ಲ" ಎಂದು ನೆರೆಹೊರೆಯವರು ಆಡುವ ಮಾತು ಅನೇಕ ಸ್ತ್ರೀಯರನ್ನು ಬಾಗಿಲೊಳಗೆ ಕೂಡಿಹಾಕಿದೆ. ಗಂಡನೋ ಮಗಳೋ ಸೊಸೆಯೋ ಜತೆಗೆ ನಡೆದರೆ ಆ ಮಾತಿಗೆ ಬೇರೆ ಉತ್ತರವು ಬೇಕಾಗುವುದಿಲ್ಲ.

ಎರಡು ಎಚ್ಚರಿಕೆಗಳು ಉಳಿದಿವೆ. ನಡಿಗೆಯು ಔಷಧಕ್ಕೆ ಸಹಾಯವೇ ಹೊರತು ಔಷಧದ ಸ್ಥಾನದಲ್ಲಿ ನಿಲ್ಲತಕ್ಕದ್ದಲ್ಲ. ಗಂಟನ್ನು ಕಂಡೂ ನಾಚಿಕೆಯಿಂದ ಮುಚ್ಚಿಟ್ಟು, ಪಥ್ಯ ನಡಿಗೆಗಳಿಂದ ಕರಗೀತೆಂದು ಕಾಯುವುದು ಪ್ರಾಣಕ್ಕೆ ಎರವಾದ ದಾರಿ. ಇನ್ನೊಂದು: ಸ್ತನಾರ್ಬುದವುಳ್ಳ 2,987 ಮಂದಿ ಅಮೆರಿಕದ ದಾದಿಯರನ್ನು ಕುರಿತು 2005ರಲ್ಲಿ ಪ್ರಕಟವಾದ ಅವಲೋಕನದಲ್ಲಿ, ವಾರಕ್ಕೆ ಮೂರರಿಂದ ಐದು ಗಂಟೆಗಳ ನಡಿಗೆಯಷ್ಟು ಶ್ರಮವುಳ್ಳವರಲ್ಲಿ ಮರಣವು ಕಡಮೆಯಾಗಿ ಕಂಡಿತು. ಆದರೆ ಹೆಚ್ಚು ಸ್ವಸ್ಥರಾಗಿದ್ದವರೇ ಹೆಚ್ಚು ನಡೆದಿರಲೂಬಹುದಾದುದರಿಂದ ಅವಲೋಕನಮಾತ್ರದಿಂದ ನಡಿಗೆಯೇ ಕಾರಣವೆಂದು ನಿರ್ಣಯಿಸಲಾಗದು. ಆದಕಾರಣ ಯಾವಳಿಗಾದರೂ ರೋಗವು ಮರುಕಳಿಸಿದರೆ, ಅವಳು ನಡೆಯಲಿಲ್ಲ, ಅದಕ್ಕೇ ಹೀಗಾಯಿತು ಎಂದು ಯಾರೂ ಆಡಕೂಡದು. ಆ ಮಾತು ಅಸತ್ಯ; ಸತ್ಯವಲ್ಲದುದರ ಜತೆಗೆ ನಿರ್ದಯವೂ ಹೌದು. ನಿತ್ಯವೂ ನಡೆದವರಿಗೂ ರೋಗವು ಮರಳಿರುವುದುಂಟು. ಒಂದು ದಿನ ಏಳಲಾರದವಳು ಮಲಗಿದರೆ ಅದು ಅವಳ ಅಪರಾಧವಲ್ಲ. ನಾಳೆ ಎದ್ದಾಗ ಜತೆಗೆ ಒಬ್ಬರು ಇರಬೇಕಾದುದೇ ಮುಖ್ಯ.

ಇಷ್ಟು ಮಾತುಗಳಲ್ಲಿ ಒಂದು ಮನೆಗಾದರೂ ಒಂದು ಉಪಯೋಗವಾಗಿ, ಅಲ್ಲಿ ಮಲಗಿರುವ ತಾಯಿಯೊಬ್ಬಳು ವೈದ್ಯರ ಅಪ್ಪಣೆಯಿಂದ ನಾಳೆಯ ಬೆಳಗಿನಲ್ಲಿ ಅಂಗಳದವರೆಗೆ ನಡೆದು ಬಂದರೆ ಈ ಗೋಷ್ಠಿಯ ಪ್ರಯೋಜನವು ಸಿದ್ಧಿಸಿದಂತೆಯೇ ಸರಿ.